ತಲೆಯ ಮೇಲಿನ ಕೈ

"ಏನೇ ಅದು, ಮಂತ್ರ ಹಾಕ್ತಿದೀಯಾ? ನಮ್ಮ ಮುದುಕಿ ತಲೆ ಮೇಲೆ ನಿಮ್ಮ ದ್ವೀಪದ ಮಾಟ ಮಾಡ್ತಿದೀಯೇನೆ, ಮುಂಡೆ?"

ಗ್ಲೆನಿಸ್ ಮೇಡಂ ಬಾಗಿಲಲ್ಲಿ ನಿಂತಿದ್ದಳು. ಈ ವೃದ್ಧರ ಆರೈಕೆ ಮನೆಗೆ ಅವಳೇ ಯಜಮಾನಿಯಿದ್ದ ಹಾಗೆ. ಲೆಸಿಯೇಲಿ ಅಕ್ಕನ ಕೈಯಲ್ಲಿ ಎನಿಡ್ ಅಜ್ಜಿಯ ದಿಂಬು ಇತ್ತು. ಮಂಚದ ಈ ಪಕ್ಕ ನಾನು, ಆ ಪಕ್ಕ ಅಕ್ಕ, ನಡುವೆ ನನ್ನ ಕಡೆ ಹೊರಳಿ ಮಲಗಿದ್ದ ಅಜ್ಜಿ. ಏಳಲಾರದವರ ಹಾಸಿಗೆಯನ್ನು ಅವರು ಮಲಗಿದ್ದ ಹಾಗೆಯೇ ಹಾಸಬೇಕು. ಒಬ್ಬಳು ಅವರನ್ನು ಹಿಡಿದುಕೊಂಡರೆ ಇನ್ನೊಬ್ಬಳು ಒದ್ದೆ ಬಟ್ಟೆಯನ್ನು ಬೆನ್ನಿನವರೆಗೆ ಸುತ್ತಿಟ್ಟು, ಒಣ ಬಟ್ಟೆಯನ್ನು ಅದರ ಬೆನ್ನಿಗೇ ಬಿಚ್ಚುತ್ತಾ ಬರುತ್ತಾಳೆ. ಉಚ್ಚೆಯ ವಾಸನೆ ನಮ್ಮ ಕೈಗೆ ಅಂಟಿಕೊಂಡು ಎಷ್ಟು ಕಾಲವಾಯಿತೋ, ಈಗ ನಮಗೇ ಗೊತ್ತಾಗುವುದಿಲ್ಲ.

ಅಕ್ಕ ಅಂದದ್ದು "ತುಲೋ" ಎಂಬ ಒಂದೇ ಮಾತು. ನಮ್ಮ ಟೋಂಗಾದಲ್ಲಿ ಇನ್ನೊಬ್ಬರ ತಲೆಯ ಮೇಲಿಂದ ಕೈ ಚಾಚುವಾಗ ಅದು ತಾನಾಗಿ ಬಾಯಿಗೆ ಬರುತ್ತದೆ. ತಪ್ಪಾಯಿತು, ದಾಟುತ್ತಿದ್ದೇನೆ ಎಂದು ಅಪ್ಪಣೆ ಕೇಳಿದ ಹಾಗೆ. ಅದನ್ನು ಹೇಳದೆ ಕೈ ಚಾಚಿದರೆ ಹಿರಿಯರ ಮುಖಕ್ಕೆ ಉಗಿದಂತೆ. ಲಕ್ವ ಹೊಡೆದು ಮಾತು ಕಳೆದುಕೊಂಡಿದ್ದ ಎನಿಡ್ ಅಜ್ಜಿಗೂ ಅದು ಅಭ್ಯಾಸವಾಗಿಬಿಟ್ಟಿತ್ತು. ಆ ಮಾತು ಕಿವಿಗೆ ಬಿದ್ದರೆ ಕತ್ತು ಎತ್ತಿ ದಿಂಬು ಬಿಟ್ಟುಕೊಡುತ್ತಿದ್ದಳು.

ಅದನ್ನೇ ಅವಳ ಮಗ ಗ್ರೆಗ್ ಕೇಳಿಸಿಕೊಂಡು ದೂರು ಕೊಟ್ಟಿದ್ದ. ಕಬ್ಬಿನ ತೋಟದ ಧಣಿ ಅವನು, ತಾಯಿಯನ್ನು ನೋಡಲು ಬರುವುದೇ ಅಪರೂಪ. ಬಂದ ದಿನ ಕಿವಿ ಮಾತ್ರ ಚುರುಕಾಗಿತ್ತು.

ಅಕ್ಕ ವಿವರಿಸಲು ಹೋದಳು. ಗ್ಲೆನಿಸ್ ಕೇಳಲಿಲ್ಲ. ನಾವು ಹಾಸಿದ್ದ ಹಾಸಿಗೆಯ ಮೂಲೆಯನ್ನು ಪೆನ್ನಿನ ತುದಿಯಿಂದ ಎತ್ತಿ ನೋಡಿದಳು. ಮಡಿಕೆ ಓರೆಯಾಗಿದೆ ಎಂದು ಅಜ್ಜಿಯ ಹೊದಿಕೆಯ ಸಮೇತ ಇಡೀ ಬಟ್ಟೆಯನ್ನೇ ಅವಳ ಅಡಿಯಿಂದ ಎಳೆದು ನೆಲಕ್ಕೆ ಹಾಕಿದಳು. ಒಂಟಿ ಅಂಗಿಯಲ್ಲಿದ್ದ ಅಜ್ಜಿ ಬರಿಯ ತೊಡೆಗಳನ್ನು ಮುಚ್ಚಿಕೊಳ್ಳಲು ಒಂದು ಕೈಯಿಂದ ತಡಕಾಡಿದಳು. ಆ ಕೈ ಈಗಲೂ ನನ್ನ ಕಣ್ಣ ಮುಂದೆ ಇದೆ.

"ಇನ್ನೊಂದ್ಸಲ ಆ ಶಬ್ದ ಕೇಳಿಸ್ತೋ, ವಿಮಾನ ಹತ್ತಿಸಿ ನಿನ್ನ ತೆಂಗಿನಮರಕ್ಕೇ ಕಳಿಸ್ತೀನಿ. ಇಬ್ಬರು ಸೇರಿದ್ರೆ ತಾನೇ ಈ ಗುಸುಗುಸು? ನಾಳೆಯಿಂದ ಒಂದು ಹಾಸಿಗೆಗೆ ಒಬ್ಬಳು. ಕೇಳಿಸ್ತೇನೇ, ಸಾಲಿ?"

ಸಾಲಿ ಅಂದರೆ ನಾನು. ನನ್ನ ಹೆಸರು ಸೆಲುವಾಯಾ. ಅಷ್ಟುದ್ದ ಬಾಯಿ ತೆರೆಯಲು ಅವಳಿಗೆ ಬೇಸರ.

ಅದು ಬರೀ ಬಾಯಿಮಾತಿನ ಬೆದರಿಕೆಯಲ್ಲ. ನಮ್ಮ ವೀಸಾವನ್ನು ಈ ಮನೆಗೇ ಗಂಟು ಹಾಕಿದ್ದಾರೆ. ಇಲ್ಲಿಂದ ಹೊರಗೆ ಹಾಕಿದರೆ ಈ ದೇಶದಲ್ಲಿ ನಮಗೆ ನಿಲ್ಲಲು ನೆಲವಿಲ್ಲ. ಅಕ್ಕನ ಗಂಡ ಮೀನು ಹಿಡಿಯಲು ಹೋದವನು ತಿರುಗಿ ಬಂದಿರಲಿಲ್ಲ. ಊರಿನಲ್ಲಿ ಅವಳ ಮಕ್ಕಳು, ಅತ್ತೆ, ಎಲ್ಲರೂ ಅವಳ ಈ ಉಚ್ಚೆ ಬಟ್ಟೆಯಿಂದಲೇ ಉಣ್ಣುತ್ತಿದ್ದರು.

ಸಂಜೆ ನಾವು ಕೆಸುವಿನ ಎಲೆಯಲ್ಲಿ ಮಾಂಸ ಸುತ್ತಿ ತೆಂಗಿನ ಹಾಲಿನಲ್ಲಿ ಬೇಯಿಸಲಿಟ್ಟು ಕೂತಿದ್ದೆವು. "ತುಲೋ" ಅನ್ನು ಮನಸ್ಸಿನಲ್ಲೇ ಹೇಳಿಕೊಂಡರೆ ಆಯಿತಲ್ಲ ಎಂದು ನಾನು ಬುದ್ಧಿ ಹೇಳಿದೆ.

"ಮನಸ್ನಾಗೆ ಅಂದ್ರೆ ಅಜ್ಜಿಗೆ ಕೇಳ್ತದೇನೇ?" ಎಂದಳು ಅಕ್ಕ. "ಅವಳೇನು ಕಟ್ಟಿದ ಹಂದಿಯಾ, ಹೇಳ್ದೆ ಕೇಳ್ದೆ ತಲೆ ಮ್ಯಾಲೆ ಕೈ ಹಾಕಾಕೆ?"

ಮರುದಿನ ಪಕ್ಕದ ಕೋಣೆಯಲ್ಲಿದ್ದ ನನಗೆ ದೊಪ್ಪೆಂಬ ಸದ್ದು ಕೇಳಿಸಿತು. ಓಡಿದೆ. ಅಜ್ಜಿ ನೆಲದ ಮೇಲಿದ್ದಳು. ಒಂದು ಕಾಲು ಹೊರಕ್ಕೆ ತಿರುಗಿತ್ತು. ಬಾಯಿ ತೆರೆದಿತ್ತು, ದನಿ ಮಾತ್ರ ಇರಲಿಲ್ಲ.

ಆದದ್ದು ಇಷ್ಟು. ಅಕ್ಕ ಒಬ್ಬಳೇ ಅಜ್ಜಿಯನ್ನು ಕಿಟಕಿಯ ಕಡೆಗೆ ಹೊರಳಿಸಿ ಈ ಪಕ್ಕದ ಅರ್ಧ ಹಾಸಿದ್ದಳು. ಇನ್ನು ದಿಂಬು ತೆಗೆಯಬೇಕು. ಹೇಳಿದರೆ ವಿಮಾನ, ಹೇಳದೆ ತಲೆ ದಾಟಲು ಕೈ ಬಾರದು. ಅತ್ತ ದರಿ, ಇತ್ತ ಪುಲಿ. ಹಾಗಾಗಿ ಅಜ್ಜಿಯ ಮುಖದೆದುರು ಬಗ್ಗಿ ಕೆಳಗಿಂದ ದಿಂಬು ಎಳೆಯೋಣವೆಂದು ಕಾಲ ಕಡೆಯಿಂದ ಸುತ್ತಿ ಆಚೆಗೆ ಹೋದಳು. ಬಿಟ್ಟು ಹೋದ ಪಕ್ಕದಲ್ಲಿ, ಮಲಗಿದವರು ಬೀಳದಂತೆ ಮಂಚಕ್ಕಿರುವ ಕಂಬಿಯನ್ನು ಎತ್ತಿರಲಿಲ್ಲ. ಬೆನ್ನಿಗಿದ್ದ ಕೈ ಹೋದ ಕೂಡಲೇ ಅಜ್ಜಿ ಹಿಂದಕ್ಕೆ ಹೊರಳಿದಳು. ಇಬ್ಬರಿದ್ದಿದ್ದರೆ ಆ ಪಕ್ಕದಲ್ಲಿ ನಾನಿರುತ್ತಿದ್ದೆ.

ಆಂಬುಲೆನ್ಸ್ ಬರುವ ಮೊದಲು ಗ್ರೆಗ್ ಬಂದ. ಕಂಬಿ ಯಾಕೆ ಎತ್ತಲಿಲ್ಲ ಎಂದು ಗ್ಲೆನಿಸ್ ಅವನೆದುರಿಗೇ ಅಕ್ಕನನ್ನು ಕೇಳಿದಳು. ಸುಳ್ಳು ಹೇಳಿ ಬಚಾವಾಗಬಹುದಿತ್ತು. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

"ಕೇಳಿದ್ರಾ?" ಗ್ಲೆನಿಸ್ ನಕ್ಕಳು. "ತಲೆ ದಾಟಬಾರದು ಅಂತ ಸೊಂಟ ಮುರಿದಳಂತೆ."

ಎನಿಡ್ ಅಜ್ಜಿ ಆಸ್ಪತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಸತ್ತಳು.

ಅಂದು ಅಕ್ಕ ಕಪ್ಪು ಬಟ್ಟೆ ಉಟ್ಟು, ಸಾವಿಗೆ ನಾವು ಸುತ್ತಿಕೊಳ್ಳುವ ಹಳೆಯ ಚಾಪೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಕೆಲಸಕ್ಕೆ ಬಂದಳು. ಕೆಲಸ ಹೋಗಿದೆ ಎಂದು ಅವಳಿಗೆ ಬಾಗಿಲಲ್ಲೇ ತಿಳಿಸಿದರು. ಆದರೆ ಮಧ್ಯಾಹ್ನದವರೆಗೆ ನೀನು ನನ್ನ ಆಳೇ ಎಂದಳು ಗ್ಲೆನಿಸ್. ಅದೇ ಹಾಸಿಗೆಗೆ ಹೊಸಬರೊಬ್ಬರು ಬರುವವರಿದ್ದರು.

"ಕಸಬರಿಗೆ ಹಾಗೆ ಇದೇನು ಸುತ್ಕೊಂಡಿದೀಯಾ? ಬಿಚ್ಚು. ಬಿಚ್ಚಿ ಹಾಸು."

ಅಕ್ಕ ಚಾಪೆ ಬಿಚ್ಚಿ ಮಡಚಿ ಕುರ್ಚಿಯ ಮೇಲಿಟ್ಟಳು. ಹಾಸಿದಳು. ಗ್ಲೆನಿಸ್ ಎಳೆದು ಹಾಕಿದಳು. ಮತ್ತೆ ಹಾಸಿದಳು, ಅವಳು ಮತ್ತೆ ಎಳೆದಳು. ನಾನು ಹೊಸ ದಿಂಬು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನಗೂ ವೀಸಾ ಇದೆ, ನನಗೂ ಮನೆ ಇದೆ. ನಿಂತೇ ಇದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿತ್ತು.

ಮತ್ತೊಮ್ಮೆ ಹಾಸಿ ಮುಗಿಸಿದ ಅಕ್ಕ ನನ್ನ ಕೈಯಿಂದ ದಿಂಬು ತೆಗೆದುಕೊಂಡಳು. ಅದನ್ನು ಸರಿಯಾಗಿ ಇಟ್ಟಳು. ಆಮೇಲೆ ಚಪ್ಪಲಿ ಬಿಟ್ಟು, ಚಾಪೆಯನ್ನು ಎದೆಗವಚಿಕೊಂಡು ಆ ಹಾಸಿಗೆಯ ಮೇಲೆ ಮಲಗಿಬಿಟ್ಟಳು. ದೊಡ್ಡ ದೇಹ ಅವಳದು. ಮಂಚ ಕಿರುಗುಟ್ಟಿತು.

"ನಾನು ಏಳಾಕಿಲ್ಲ, ಮೇಡಂ," ಎಂದಳು. "ನನ್ನ ಮಲಗಿಸ್ಕಂಡೇ ಹಾಸು. ಒಬ್ಬಳೇ ಹಾಸು, ನೋಡಾನ."

ಗ್ಲೆನಿಸ್‌ಳ ಮುಖ ಕೆಂಪಾಯಿತು. ಈ ಎಮ್ಮೆಯನ್ನು ಎಳೆದು ಹಾಕು ಎಂದು ನನಗೆ ಹೇಳಿದಳು. ಮತ್ತೆ ಹೇಳಿದಳು. ಹೊರಗೆ ವ್ಯಾನು ನಿಂತ ಸದ್ದಾಯಿತು. ನನ್ನ ಕಾಲು ಕದಲದೆ ಇದ್ದುದನ್ನು ಕಂಡು ತಾನೇ ನುಗ್ಗಿ, ಅಕ್ಕನ ತಲೆಯ ಕೆಳಗಿನ ದಿಂಬನ್ನು ಕೂದಲು ಸಮೇತ ಹಿಡಿದು ಎಳೆದಳು. ಅಕ್ಕನ ತಲೆ ಮಂಚದ ಕಬ್ಬಿಣಕ್ಕೆ ಬಡಿಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು, ಏಳಲಿಲ್ಲ.

ಗ್ಲೆನಿಸ್ ಮತ್ತೆ ಕೈ ಚಾಚಿದಳು. ಆಗ ನಾನು ಆ ಕೈಯ ಮಣಿಕಟ್ಟು ಹಿಡಿದೆ.

ಅಷ್ಟರಲ್ಲಿ ಗಾಲಿಕುರ್ಚಿ ಬಾಗಿಲಿಗೆ ಬಂತು. ಅದರಲ್ಲಿ ಒಬ್ಬ ಮುದುಕ, ಹಿಂದೆ ಹೂಗುಚ್ಛ ಹಿಡಿದ ಅವನ ಮಗಳು. ಗ್ಲೆನಿಸ್ ಅವರ ಕಡೆ ತಿರುಗಿ ಹಲ್ಲು ಕಿರಿದು, ಬನ್ನಿ, ಹಾಸಿಗೆ ಸಿದ್ಧವಾಗಿದೆ ಎಂದಳು. ಎನ್ನುತ್ತಲೇ ಕೈ ಬಿಡಿಸಿಕೊಳ್ಳಲು ಕೊಸರಿದಳು. ಹದಿನಾಲ್ಕು ವರ್ಷ ಹೆಣಭಾರದವರನ್ನು ಹೊರಳಿಸಿದ ಬೆರಳುಗಳು ನನ್ನವು. ನಾನು ಬಿಡಲಿಲ್ಲ.