ಬೀಜದ ಹತ್ತಿ

"ಕೈಗವಸು ಹರದ್ರ ಚರ್ಮ ಸುಲೀತೀನಿ, ಬೋಸುಡಿ. ಹೊತ್ತು ಮುಳುಗೂದ್ರಾಗ ತೊಳದು ವಾಪಸ್ ಕೊಡಬೇಕು," ಎಂದ ಹನುಮಂತರಾಯ. ಗುರುಗುಂಟಾ ದಾರಿಯ ಈ ಹತ್ತಿ ಹೊಲ ಅವನದು, ಬೀಜ ಕಂಪನಿಯದು, ಬೆನ್ನು ನಮ್ಮದು.

ಇಲ್ಲಿ ಮಕ್ಕಳು ದುಡಿಯುತ್ತಾರೋ ಎಂದು ನೋಡಲು ಅಂದು ಹೊರದೇಶದ ಕಂಪನಿಯವರು ಬರುವವರಿದ್ದರು. ಮಕ್ಕಳು ಗಿಡದಷ್ಟೇ ಎತ್ತರ, ಬಗ್ಗಬೇಕಿಲ್ಲ, ಉಗುರೂ ಸಣ್ಣದು ಎಂದು ಮನೆಮನೆ ಹುಡುಕಿ ತಂದವನೇ ಹನುಮಂತರಾಯ. ಈಗ ಅವರನ್ನೆಲ್ಲ ಟಂಟಂ ಆಟೋದಲ್ಲಿ ತುಂಬಿ ಊರಿಗೆ ಕಳಿಸಿದ. ನನ್ನ ಮಗಳು ಮೌನೇಶ್ವರಿ ದೂರದ ಸಾಲಿನಲ್ಲಿ ಉಳಿದುಬಿಟ್ಟಿದ್ದಳು. ಕಾರಿನ ಧೂಳು ಕಾಣುತ್ತಲೇ ಅವಳನ್ನು ಎಣ್ಣೆ ಡಬ್ಬಿಯ ಕೋಣೆಗೆ ನೂಕಿ ಚಿಲಕ ಹಾಕಿದ. ಹುಳಕ್ಕೆ ಹೊಡೆಯುವ ವಿಷಕ್ಕೆ ನಾವು ಎಣ್ಣೆ ಎನ್ನುತ್ತೇವೆ. ನಾನು ನೋಡುತ್ತ ನಿಂತೆ. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಕೂಳಿಗೆ ಬಂದವರಿಗೆ ಬಾಯಿ ಎಲ್ಲಿಯದು?

ಕಾರಿನಿಂದ ಒಬ್ಬ ಬಿಳಿಯ, ಅವನ ಮಾತನ್ನು ಕನ್ನಡದಲ್ಲಿ ಹೇಳುವ ಅನುಪಮಾ ಮೇಡಂ ಇಳಿದರು. ನಾವು ಕೈಗವಸು ಹಾಕಿಕೊಂಡು ಕ್ರಾಸಿಂಗ್‌ಗೆ ನಿಂತೆವು. ಮೊಗ್ಗನ್ನು ಹೆಬ್ಬೆರಳ ಉಗುರಿನಿಂದ ಸೀಳಿ ಗಂಡು ಕೇಸರವನ್ನಷ್ಟೇ ಕೀಳುವ ಕೆಲಸ. ರಬ್ಬರ್ ಬೆರಳಿಗೆ ಸಿಕ್ಕ ಮೊಗ್ಗೆಲ್ಲ ಜಜ್ಜಿ ಹೋಯಿತು. ಬಿಳಿಯ ಮೆಚ್ಚಿ ತಲೆದೂಗಿದ.

"ನಿಮಗೆ ಮಕ್ಕಳೆಷ್ಟಮ್ಮಾ?" ಅನುಪಮಾ ನನ್ನನ್ನು ಕೇಳಿದರು.

"ಇಲ್ರೀ," ಎಂದೆ. ಹನುಮಂತರಾಯ ಹಾಗೇ ಹೇಳಿಕೊಟ್ಟಿದ್ದ.

ಕೋಣೆಯಲ್ಲಿ ಯಾರೋ ಕೆಮ್ಮಿದರು.

"ಏನದು?"

"ಆಡು ಕಟ್ಟೀನ್ರೀ ಮೇಡಂ. ಥಂಡಿ ಆಗೇತಿ ಅದಕ್ಕ," ಎಂದು ಹನುಮಂತರಾಯ ನಕ್ಕ. ಅವರೂ ನಕ್ಕರು.

ಮತ್ತೆ ಕೆಮ್ಮು. ಆಮೇಲೆ ಬಾಗಿಲು ಬಡಿದ ಸದ್ದು. ಆಮೇಲೆ ಏನೂ ಕೇಳಲಿಲ್ಲ.

ನಾನು ಸಾಲು ಬಿಟ್ಟು ನಡೆದೆ. ಹನುಮಂತರಾಯ ಹಿಂದೆಯೇ ಬಂದು ಹಲ್ಲು ಕಚ್ಚಿದ. "ಎಲ್ಲಿಗೆ ಬೇ, ಆದಮ್ಮ? ನಾಳಿಂದ ಈ ಬದು ತುಳದ್ರ ಕಾಲ್ ಮುರೀತೀನಿ, ಲೌಡಿ."

"ಆಡು ಸತ್ತೀತ್ರೀ ಧಣೇರ. ನೋಡ್ತೀನಿ."

ಚಿಲಕ ತೆಗೆದೆ. ವಾಂತಿಯ ಪಕ್ಕದಲ್ಲಿ ಗೋಡೆಗೊರಗಿ ಕುಳಿತಿದ್ದಳು. ಉಸಿರಿತ್ತು. ರಟ್ಟೆ ಹಿಡಿದು ಎಬ್ಬಿಸಿ, ಎಲ್ಲರ ಎದುರಿಗೆ ತಂದು ನಿಲ್ಲಿಸಿದೆ.

"ನನ್ ಮಗಳ್ರೀ ಮೇಡಂ. ನಿಮ್ ಬೀಜ ಹೆಂಗ ಆಗತೈತಿ, ಈಕಿ ತೋರಸ್ತಾಳ. ಮಾಡವ್ವ."

ಮೌನೇಶ್ವರಿ ಯಾರನ್ನೂ ನೋಡಲಿಲ್ಲ. ಗಿಡ ಅವಳ ಗಲ್ಲಕ್ಕೆ ಬರುತ್ತಿತ್ತು. ಮೊಗ್ಗು ಹಿಡಿದು, ಸೀಳಿ, ಕೇಸರ ಕಿತ್ತು ಚೆಲ್ಲಿದಳು. ಪಕ್ಕದ ಮೊಗ್ಗಿಗೆ ಕೈ ಹಾಕಿದಳು.

"ಸಾಕು ಪುಟ್ಟಾ, ಸಾಕು," ಎಂದರು ಅನುಪಮಾ.

ಅವಳು ಕೆಮ್ಮುತ್ತಲೇ ಮುಂದಿನ ಗಿಡಕ್ಕೆ ಹೋದಳು.