ಪಂಚೆಯಂಚಿನ ಬೀಜ

ಮಧುಕೇಶ್ವರ ಮಾಸ್ತರರು ಎದುರಿಗೆ ಬಂದವರ ಮುಖ ನೋಡುವ ಮೊದಲು ಪಂಚೆಯ ಅಂಚು ನೋಡುತ್ತಿದ್ದರು. ಯಲ್ಲಾಪುರದ ಕಡೆಯಿಂದ ಬಂದವರಾದರಂತೂ ಮುಗಿಯಿತು. ಕುಶಲಪ್ರಶ್ನೆಗೂ ಮುನ್ನ ಕೋಟಿನ ಕಿಸೆಯಿಂದ ಬೂಟಿನ ಬ್ರಷ್ಷು ಹೊರಬರುತ್ತಿತ್ತು, ಬಂದವರು ಬೀಗರಾಗಲಿ, ಸ್ವರ್ಣವಲ್ಲಿ ಮಠಕ್ಕೆ ಹೊರಟ ವೈದಿಕರಾಗಲಿ, ಅಂಗಳದಲ್ಲಿ ನಿಂತು ಅಂಚು ಕೊಡವಿಸಿಕೊಂಡೇ ಮೆಟ್ಟಿಲು ಹತ್ತಬೇಕಿತ್ತು. ಉದುರಿದ ನವಿರು ಬೀಜಗಳನ್ನು ಹೆಕ್ಕಿ ಒಲೆಗೆ ಹಾಕುತ್ತಿದ್ದರು. ಊರು ಅವರನ್ನು ಮಳ್ಳು ಎಂದಿತು.

ಶಿರಸಿಯ ಕಾಲೇಜೊಂದರಲ್ಲಿ ನಮಗೆಲ್ಲ ಸಸ್ಯಶಾಸ್ತ್ರ ಕಲಿಸಿ, ತೊಂಬತ್ತೈದರಲ್ಲಿ ನಿವೃತ್ತರಾಗಿ, ಉಮ್ಮಚಗಿಯ ಹತ್ತಿರದ ತಮ್ಮ ಹಳ್ಳಿಗೆ ಮರಳಿದ್ದರು. ಆಮೇಲೊಮ್ಮೆ ಅವರೂ ನಾನೂ ಹುಬ್ಬಳ್ಳಿಯಿಂದ ಬರುವಾಗ, ಯಲ್ಲಾಪುರಕ್ಕೆ ಮೊದಲು ಸಿಗುವ ಕಿರವತ್ತಿಯ ಡಾಬಾ ಮುಂದೆ ಬಸ್ಸು ನಿಂತಿತು. ಲಾರಿಗಳು ನಿಲ್ಲುವ ಕೆದರಿದ ಮಣ್ಣಿನಲ್ಲಿ ಎದೆಯೆತ್ತರದ ಹುಲ್ಲು, ತುದಿಯಲ್ಲಿ ಅಳಿಲಿನ ಬಾಲದಂಥ ನೇರಳೆ ತೆನೆ. ಚಹಾ ಬಿಟ್ಟು ಎದ್ದವರು ಒಂದು ಬುಡ ಕಿತ್ತು ನನ್ನ ಮೂಗಿಗೆ ಹಿಡಿದರು.

"ನೋಡು ಮಾರಾಯ, ಬೇರು ಒಂದು ಮುಷ್ಟಿನೂ ಇಲ್ಲೆ. ನಮ್ಮ ಕರಡದ ಹುಲ್ಲಿನ ಬುಡ ಬ್ಯಾಸಗೆಲೂ ಜೀವ ಹಿಡ್ಕಂಡು ಇರ್ತು. ಇದು ಮಳೆಗೆ ಹುಟ್ಟಿ ಮಾಗಿಗೆ ಸಾಯ್ತು. ಸಾಯದ್ರೊಳಗೆ ಊರು ತುಂಬ ಬೀಜ ಉದುರಿಸ್ತು."

ಮೇವಿಗೆಂದು ಆಫ್ರಿಕದಿಂದ ತರಿಸಿದ ದೀನನಾಥ ಹುಲ್ಲು ಅದು. ಎಳತರಲ್ಲಿ ದನ ತಿನ್ನುತ್ತದೆ, ನಿಜ. ಬಲಿತ ಮೇಲೆ ಮೂಸಿ ಬಿಡುತ್ತದೆ, ಒಣಗಿ ನಿಂತರೆ ಒಂದು ಬೀಡಿಯ ಕಿಡಿ ಸಾಕು. ದಟ್ಟ ಕಾಡಿನ ನೆರಳು ಅದಕ್ಕಾಗದು. ರಸ್ತೆಯಂಚು, ಮಣ್ಣು ತೆಗೆದ ಹೊಂಡ, ಬಯಲು ಬೆಟ್ಟ, ಇವೇ ಅದರ ಸಾಮ್ರಾಜ್ಯ.

ಮಾಸ್ತರರ ಊರಿನ ದನಗಳಿಗಿದ್ದುದು ಅಂಥದೊಂದು ಬಯಲು ಬೆಟ್ಟ. ಅಲ್ಲಿಯ ಕರಡದ ಹುಲ್ಲೇ ದುರ್ಗಮ್ಮನಂಥ ಜಮೀನಿಲ್ಲದವರ ಎಮ್ಮೆಯ ಹೊಟ್ಟೆ ತುಂಬಿಸಬೇಕು. ಅದನ್ನು ಉಳಿಸಲು ಅವರು ಪ್ರತಿ ಭಾದ್ರಪದದಲ್ಲಿ, ತೆನೆ ಒಡೆಯುವ ಮೊದಲು, ಕ್ರಾಸಿನಿಂದ ಊರಿನ ತನಕ ರಸ್ತೆಯ ಎರಡೂ ಬದಿ ಬಗ್ಗಿ ಬಗ್ಗಿ ಕಿತ್ತರು. ಕಿತ್ತೂ ಕಿತ್ತೂ ಅವರ ನಡಿಗೆಯೇ ಏನನ್ನೋ ಕಳೆದುಕೊಂಡು ಹುಡುಕುವವರ ನಡಿಗೆಯಾಯಿತು. ಒಬ್ಬನಾದರೂ ಕೈಜೋಡಿಸಿದನೇ? ಥೂ! ಊರವರು ಕಟ್ಟೆಯ ಮೇಲೆ ಕೂತು ಕವಳ ಜಗಿಯುತ್ತ ನಕ್ಕರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಎರಡು ಸಾವಿರದ ಮೂರರ ದೊಡ್ಡಹಬ್ಬ, ಅಂದರೆ ದೀಪಾವಳಿ. ಅಕಾಲದ ಮಳೆಗೆ ಊರಿನ ಚೆಂಡುಹೂವೆಲ್ಲ ಕೊಳೆತಿತ್ತು. ಕೊರಳಿಗೆ ಮಾಲೆಯಿಲ್ಲದೆ ಗೋಪೂಜೆ ಹೇಗೆ? ಊರ ದನಗಳ ಉಸ್ತುವಾರಿ ಹೊತ್ತಿದ್ದ ರೈತ ಮಾದೇವ ಕಿರವತ್ತಿಗೆ ಹೋದವನು ಹೆದ್ದಾರಿ ಬದಿಯ ಚೆಂದದ ನೇರಳೆ ತೆನೆಗಳನ್ನು ಹೊರೆ ಕಟ್ಟಿ ತಂದ. ಮನೆಮನೆಯವರೂ ಅಡಿಕೆಯ ಜೊತೆ ಅದನ್ನೇ ಪೋಣಿಸಿದರು. ಪೂಜೆ ಮುಗಿದು, ಪದ್ಧತಿಯಂತೆ ದನಗಳನ್ನೆಲ್ಲ ಒಟ್ಟಿಗೆ ಬೆಟ್ಟಕ್ಕೆ ಬಿಡುವ ಹೊತ್ತಿಗೆ ಮಾಸ್ತರರು ಬಂದು ನೋಡಿದರು. ಓಡಿ ಹೋಗಿ ದಾರಿಗೆ ಅಡ್ಡ ನಿಂತರು.

"ದನ ಬಿಡಬ್ಯಾಡಿ! ಮಾಲೆ ತೆಗ್ದು ಬಿಡಿ! ಕೈ ಮುಗಿತೆ!"

"ಹಬ್ಬದ ದಿವ್ಸ ದನಕ್ಕೆ ಅಡ್ಡ ನಿಲ್ಲೂದಾ ಮಾಸ್ತರ್ರೇ?" ಎಂದ ಮಾದೇವ. "ನಿಮ್ ಪಾಠ ಕಾಲೇಜಲ್ಲೇ ಇಟ್ಕಳಿ."

ಜಾಗಟೆ ಬಡಿದರು. ಬೆದರಿದ ದನಗಳು ನುಗ್ಗಿದವು. ಮಾಸ್ತರರು ಕೆಳಗೆ ಬಿದ್ದರು, ಕನ್ನಡಕ ಒಡೆಯಿತು. ಅವರು ವರ್ಷಗಟ್ಟಲೆ ಕಾಯ್ದುಕೊಂಡಿದ್ದ ಬೆಟ್ಟದ ತುಂಬ ದನಗಳು ಓಡಾಡಿ, ಕಲ್ಲಿಗೆ, ಮರಕ್ಕೆ ಕೊರಳುಜ್ಜಿ ಬೀಜ ಬಿತ್ತಿದವು.

ಮುಂದಿನ ಹಬ್ಬಕ್ಕೆ ಬೆಟ್ಟ ಅಲ್ಲಲ್ಲಿ ನೇರಳೆಯಾಗಿತ್ತು, ಅದರ ಮುಂದಿನ ಹಬ್ಬಕ್ಕೆ ಇಡಿಯಾಗಿ. "ಎಷ್ಟು ಚೆಂದ ಆಜು!" ಎಂದವರೂ ಇದ್ದರು, ಅವರ ಕಣ್ಣಿಗೆ ಬೆಂಕಿ ಬೀಳಲಿ. ಬೆಂಕಿ ಬಿದ್ದದ್ದು ಬೆಟ್ಟಕ್ಕೆ. ಬೇಸಿಗೆ ಬೇಸಿಗೆಗೂ ಉರಿದು ಕರಡದ ಬುಡವೂ ಸತ್ತಿತು; ದುರ್ಗಮ್ಮ ಎಮ್ಮೆ ಮಾರಿದಳು. ಮಾಸ್ತರರು ಬೂಟಿನ ಬ್ರಷ್ಷನ್ನೂ ಒಲೆಗೆ ಹಾಕಿದರು.

ಅವರು ತೀರಿಕೊಂಡ ಮೇಲೆ ಒಮ್ಮೆ ಆ ಊರಿಗೆ ಹೋದೆ. ದುರ್ಗಮ್ಮ ಬೆಟ್ಟದ ಕಡೆ ಕೈ ತೋರಿಸಿ, "ಎಲ್ಲ ಹಾಳಾಯ್ತು ಒಡ್ಯಾ, ಆ ಮಾಸ್ತರ ಹುಲ್ಲು ಬಂದು" ಎಂದಳು.

ಯಾವ ಹುಲ್ಲು ಎಂದೆ.

"ಅದೇ, ಅವ್ರು ಕೀಳ್ತಿದ್ರಲ್ಲ. ಅವ್ರೇ ತಂದದ್ದಂತೆ. ಮತ್ಯಾರಿಗೆ ಗೊತ್ತಿತ್ತು ಅದರ ಹೆಸ್ರು?"

ಈಗ ಆ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಅದೇ ಹೆಸರು. ಕಳ್ಳ ಬಂದನೆಂದು ಕೂಗಿದವನ ಮೇಲೆಯೇ ಕಳವು ಹೊರಿಸುವ ಲೋಕ ಇದು. ಕೇಡನ್ನು ಎಲ್ಲರಿಗಿಂತ ಮೊದಲು ಗುರುತಿಸುವವರ ಕುಲಕ್ಕೆ ನಾವು ಕಟ್ಟುವ ಸ್ಮಾರಕ ಇಷ್ಟೇ: ಅವರು ಬೇಡವೆಂದದ್ದನ್ನು ನಮ್ಮ ಕೈಯಾರೆ ಬಿತ್ತುತ್ತೇವೆ, ಬೆಳೆದ ಮೇಲೆ ಅದಕ್ಕೆ ಅವರ ಹೆಸರಿಡುತ್ತೇವೆ.