ಮಾವನ ಕೋಣೆಯ ಅಳತೆ

ಟೈಲರಮ್ಮ ಅಂದರೆ ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ಎದುರಿಗೆ ನಿಂತವರನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರೆ ಸಾಕು, ತೋಳೆಷ್ಟು, ಸೊಂಟವೆಷ್ಟು ಅಂತ ಹೇಳಿಬಿಡುವ ಹೆಂಗಸು. ಅಂಥವಳ ಕೈಯಲ್ಲೇ ಅಳತೆ ಎಡವಟ್ಟಾಯಿತು.

ಅವಳ ಮಾವ ತಮ್ಮ ಕೋಣೆಯ ನುಣುಪು ಕಲ್ಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಗಿ, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕುವಂತಾದ ಮೇಲೆ ಡಾಕ್ಟರು, "ಮನೆಗೆ ಕರಕೊಂಡು ಹೋಗಿ. ಆದ್ರೆ ನೆಲಕ್ಕೆ ಜಾರದ ಹಾಗೆ ಏನಾದ್ರೂ ಹಾಸಿ. ಅದಾಗೋವರೆಗೂ ಕಳಿಸಲ್ಲ" ಅಂದರು. ಮಾವನಿಗೋ ಆಸ್ಪತ್ರೆ ಸಾಕುಸಾಕಾಗಿತ್ತು. ಸೊಸೆ ನೋಡಲು ಹೋದಾಗಲೆಲ್ಲ ಕೈ ಹಿಡಿದು, "ಮನೆಗೆ ಯಾವಾಗಮ್ಮ?" ಅಂತ ಮಗುವಿನ ಹಾಗೆ ಕೇಳುತ್ತಿದ್ದರು.

ಟೈಲರಮ್ಮ ಹೊಲಿಗೆ ಟೇಪು ಹಿಡಿದು ಕೋಣೆ ಅಳೆದಳು. ಉದ್ದ ನೂರನಲವತ್ತನಾಲ್ಕು ಇಂಚು, ಅಗಲ ನೂರಿಪ್ಪತ್ತು. ಗುಣಿಸಿದಾಗ ಹದಿನೇಳು ಸಾವಿರದ ಇನ್ನೂರ ಎಂಬತ್ತು ಬಂತು. ಅಂಗಡಿಯವರು ಕೇಳುವುದು ಚದರಡಿಯಲ್ಲಿ. ಅಡಿಗೆ ಹನ್ನೆರಡು ಇಂಚು, ಅದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹನ್ನೆರಡರಿಂದ ಭಾಗಿಸಿ, "ಸಾವಿರದ ನಾನೂರ ನಲವತ್ತು ಚದರಡಿ ರಬ್ಬರ್ ಮ್ಯಾಟ್ ಬೇಕು" ಅಂತ ಅಂಗಡಿಗೆ ಫೋನ್ ಮಾಡಿದಳು. ಗಂಡನಿಗೂ ಹೇಳಿದಳು. ಅವನು ಡಾಕ್ಟರಿಗೆ ಹೇಳಿದ. ಮಾವನನ್ನು ಕರೆತರುವ ದಿನವೂ ಗೊತ್ತಾಯಿತು.

ಅದರ ಹಿಂದಿನ ದಿನ ಬೆಳಗ್ಗೆ ಅಂಗಡಿಯವನ ಫೋನು. "ಅಕ್ಕಾ, ಆ ಮ್ಯಾಟು ನಮ್ಮಲ್ಲಿರೋದು ಒಂದೇ ಸುರುಳಿ. ಆರಡಿ ಅಗಲ, ಇಪ್ಪತ್ತೈದಡಿ ಉದ್ದ. ನಿಮಗೆ ಇನ್ನೂ ಒಂಬತ್ತು ಸುರುಳಿ ಬೇಕಾಗತ್ತೆ. ಬೇರೆ ಊರಿಂದ ತರಿಸ್ಲಾ? ಒಂದು ವಾರ ಹಿಡಿಯತ್ತೆ."

ಆಸ್ಪತ್ರೆಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಕೂತ ಮಾವನಿಗೆ ಏನು ಹೇಳುವುದು? "ಆಮೇಲೆ ಹೇಳ್ತೀನಿ" ಅಂತ ಟೈಲರಮ್ಮ ಫೋನ್ ಇಟ್ಟು, ಖಾಲಿ ಮಾಡಿದ ಕೋಣೆಯಲ್ಲಿ ತಲೆ ಮೇಲೆ ಕೈಹೊತ್ತು ಕೂತಳು.

ಅಷ್ಟರಲ್ಲಿ ಮ್ಯಾಟು ಹಾಸಲು ಕೈಜೋಡಿಸುವುದಕ್ಕೆ ನಾದಿನಿ ಬಂದಳು. ಸಿಟಿ ಬಸ್ಸು ಓಡಿಸುವವಳು. ಮನೆಯಲ್ಲೂ ಮಾತು ಹಾರನ್ ಹೊಡೆದ ಹಾಗೆಯೇ.

"ಯಾಕತ್ತಿಗೆ, ಮುಖ ಹೀಗೆ ಬಾಡಿದೆ?"

ಅತ್ತಿಗೆ ಎಲ್ಲ ಹೇಳಿದಳು. ನಾದಿನಿ ಕೋಣೆಯ ನಡುವೆ ನಿಂತು ಸುತ್ತ ಕಣ್ಣಾಡಿಸಿದಳು.

"ಸಾವಿರದ ನಾನೂರಾ? ಅತ್ತಿಗೆ, ಅಷ್ಟು ಜಾಗ ಇದ್ರೆ ಐದು ಬಸ್ಸು ನಿಲ್ಲಿಸಬಹುದು! ಈ ಕೋಣೆಗೆ ನನ್ನ ಬಸ್ಸು ಮೂತಿ ಹಾಕಿದ್ರೆ ಬಾಲ ಬೀದೀಲೇ ಇರತ್ತೆ."

"ಎರಡೆರಡು ಸಲ ಗುಣಿಸಿದೀನಿ ಕಣೇ!" ಟೈಲರಮ್ಮನಿಗೆ ರೇಗಿತು. "ಬಾ, ನಿನ್ನ ಕಣ್ಣೆದುರಿಗೇ ತೋರಿಸ್ತೀನಿ."

ಹೊಲಿಗೆಗೆ ಬಳಸುವ ದಪ್ಪ ಕಾಗದದಲ್ಲಿ ಒಂದಡಿ ಉದ್ದ, ಒಂದಡಿ ಅಗಲದ ಚೌಕ ಕತ್ತರಿಸಿದಳು. ಅದನ್ನು ಗೋಡೆಗುಂಟ ಇಡುತ್ತ, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತ ಹೋದಳು. ಒಂದು ಸಾಲಿಗೆ ಹನ್ನೆರಡು ಚೌಕ. ಅಂಥ ಸಾಲು ಹತ್ತು. ಅಲ್ಲಿಗೆ ನೂರಿಪ್ಪತ್ತು!

ಟೈಲರಮ್ಮ ಕೈಯಲ್ಲಿದ್ದ ಚೌಕವನ್ನೇ ದಿಟ್ಟಿಸಿದಳು. ಅದರೊಳಗೆ ಇಂಚಿಗೊಂದು ಗೆರೆ ಎಳೆದರೆ ಸಾಲಿಗೆ ಹನ್ನೆರಡು ಮನೆ, ಅಂಥ ಸಾಲೂ ಹನ್ನೆರಡು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಉದ್ದಕ್ಕೊಂದು ಸಲ, ಅಗಲಕ್ಕೊಂದು ಸಲ ಭಾಗಿಸ್ಬೇಕಿತ್ತು. ಒಂದೇ ಸಲ ಭಾಗಿಸಿ ಬಿಟ್ಟಿದೀನಿ."

"ಹಾಗಾದ್ರೆ ಅಂಗಡೀಲಿರೋ ಆ ಒಂದು ಸುರುಳಿ?"

"ಆರಿಪ್ಪತ್ತೈದಲ ನೂರೈವತ್ತು. ಸಾಕು. ತಾಳು, ತಾಳು..." ಬಟ್ಟೆಯ ಅಂದಾಜು ಬಲ್ಲವಳು, ಒಟ್ಟು ಸಾಕಾದರೂ ತುಂಡು ಕೂಡಬೇಕಲ್ಲ ಅಂತ ಯೋಚಿಸಿದಳು. ಹತ್ತತ್ತು ಅಡಿಯ ಎರಡು ಪಟ್ಟಿ ಪಕ್ಕಪಕ್ಕ ಇಟ್ಟರೆ ಆರು, ಆರು, ಹನ್ನೆರಡು. ಗೋಡೆಯಿಂದ ಗೋಡೆಗೆ ಸರಿಹೋಯಿತು. ಇನ್ನೂ ಐದಡಿ ಮಿಕ್ಕಿತು, ಬಚ್ಚಲ ಬಾಗಿಲಿಗೆ.

ಕೂಡಲೇ ಅಂಗಡಿಗೆ ಫೋನ್ ಮಾಡಿದಳು. "ತಮ್ಮಾ, ಬೇರೆ ಊರಿಗೆ ಹೇಳಿಬಿಟ್ಯಾ?"

"ಇಲ್ಲಕ್ಕ. ನೀವು ಹೂಂ ಅನ್ನದೆ ಹೇಗೆ ಹೇಳಲಿ?"

"ಹೇಳಬೇಡ! ಆ ಒಂದು ಸುರುಳಿನೇ ಕಳಿಸು, ಸಾಕು!"

ಫೋನ್ ಇಟ್ಟವಳೇ ಉಸ್ಸಪ್ಪಾ ಅಂತ ನೆಲದ ಮೇಲೆ ಕೂತಳು. ನಾದಿನಿ ಮುಖ ನೋಡಿದಳು, ಇವಳು ಅವಳ ಮುಖ ನೋಡಿದಳು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ವರ್ಷಗಟ್ಟಲೆಯಿಂದ ಒಂದೇ ಮನೆಗೆ ಸೇರಿದವರಾದರೂ ಹೊಟ್ಟೆ ಹಿಡಿದುಕೊಂಡು ಜೊತೆಗೆ ನಕ್ಕದ್ದು ಅದೇ ಮೊದಲೇನೋ.

ಸಂಜೆಯೊಳಗೆ ಇಬ್ಬರೂ ಮಂಡಿಯೂರಿ ಮ್ಯಾಟು ಹಾಸಿ, ನಡುವೆ ಪಟ್ಟಿಗಳು ಕೂಡುವಲ್ಲಿ ಅಂಟು ಹಚ್ಚಿ, ಅಂಚನ್ನು ಒತ್ತಿ ಕೂರಿಸಿದರು. ಎಲ್ಲೂ ಒಂದು ಸುಕ್ಕಿಲ್ಲ.

ಮರುದಿನ ಮಗನ ತೋಳು ಹಿಡಿದು ಬಂದ ಮಾವ ಹೊಸ್ತಿಲಲ್ಲಿ ಗಕ್ಕನೆ ನಿಂತರು. ಬಿದ್ದ ಜಾಗ ನೋಡಿ ಹೆದರಿದ್ದರು.

"ಬನ್ನಿ ಮಾವ, ನಾನಿದೀನಿ" ಅಂದಳು ಸೊಸೆ.

ವಾಕರ್ ಮುಂದಿಟ್ಟರು, ಅಲುಗಲಿಲ್ಲ. ಒಂದು ಕಾಲೂರಿದರು, ಜಾರಲಿಲ್ಲ. ಇನ್ನೊಂದು ಹೆಜ್ಜೆ, ಮತ್ತೊಂದು. ಕಿಟಕಿಯ ತನಕ ಹೋಗಿ, ಸರಳು ಹಿಡಿದು ಬೀದಿ ನೋಡುತ್ತ ನಿಂತವರು ತಿರುಗಿದಾಗ ಮುಖವೆಲ್ಲ ಹಗುರಾಗಿತ್ತು.

"ಇನ್ನೊಂದು ಸುತ್ತು ಹೋಗ್ಲಾ?"

"ಮೊದ್ಲು ಕೂತ್ಕೋ ಅಪ್ಪಾ!" ಮಗಳು ಗದರಿದಳು, ಕಣ್ಣೊರೆಸಿಕೊಳ್ಳುತ್ತ.